ಚಿಕ್ಕಮಾವನ ಔಷಧಿ

ಶ್ಯಾಮಲಾ ಮದುವೆಯಾಗಿ ಆ ಊರಿಗೆ ಬಂದ ಹೊಸದರಲ್ಲಿ, ಗಂಡನ ಕಡೆಯವರಲ್ಲೆಲ್ಲ ಅವಳಿಗೆ ಹೆಚ್ಚು ಹಿಡಿಸಿದವರು ಬಚ್ಚಪ್ಪನವರು. ಗಂಡ ನಂದಕುಮಾರನಿಗೆ ಅವರು ಚಿಕ್ಕಪ್ಪ, ಅವಳಿಗೆ ಚಿಕ್ಕಮಾವ. ಮುಳಬಾಗಿಲು, ಶ್ರೀನಿವಾಸಪುರ, ಮದನಪಲ್ಲಿ ಎಂದು ಬಸ್ಸಿನಲ್ಲಿ ಕಂಡಕ್ಟರಾಗಿ ಸುತ್ತಿ, ರಿಟೈರಾದ ಮೇಲೆ ಮಾಸ್ತಿ ಹತ್ತಿರದ ತಮ್ಮ ಊರಿಗೆ ಬಂದು ನೆಲೆಸಿದ್ದರು. ನಂದಕುಮಾರನ ತಂದೆ ತೀರಿಕೊಂಡಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಅತ್ತಿಗೆ ದೊಡ್ಡವೆಂಕಟಮ್ಮನ ಮನೆಯ ಕಣಜಕ್ಕೆ ರಾಗಿ ತುಂಬಿಸುವುದರಿಂದ ಹಿಡಿದು ಹುಡುಗನಿಗೆ ಹೆಣ್ಣು ಹುಡುಕುವ ತನಕ ಎಲ್ಲವನ್ನೂ ನಿಂತು ನಡೆಸಿದವರು ಅವರೇ. ಯಾರ ಮನೆಯಲ್ಲಿ ಕಷ್ಟವೆಂದರೂ ಮೊದಲು ಹೋಗಿ ನಿಲ್ಲುತ್ತಿದ್ದರು. ಆ ಊರಿನಲ್ಲಿ ಅವರ ಹೆಗಲು ಮುಟ್ಟದ ಹೆಣವಿಲ್ಲ.

‘ಗೊತ್ತಿಲ್ಲ’ ಎಂಬ ಒಂದು ಮಾತು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಹೆಲ್ಮೆಟ್ ಹಾಕಿದರೆ ತಲೆಗೆ ಗಾಳಿಯಾಡದೆ ಕಣ್ಣು ಮಂಜಾಗುತ್ತದೆ ಎನ್ನುತ್ತಿದ್ದರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುವುದು ಫಿಲ್ಟರ್ ಮಾರುವವರು ಹುಟ್ಟಿಸಿದ ಮಾತು ಎನ್ನುತ್ತಿದ್ದರು. ಹಾಗೆನ್ನುವಾಗ ನಗುತ್ತಿದ್ದ ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಕಾಣುತ್ತಿದ್ದವು. ಅವರು ಯಾರೊಂದಿಗೂ ಜಗಳವಾಡುತ್ತಿರಲಿಲ್ಲ. ಎದುರಿನವನು ಹೇಳುವುದನ್ನೆಲ್ಲ ತಲೆದೂಗಿ ಕೇಳಿ, ಮಗುವಿಗೆ ಹೇಳುವಂತೆ ಮೆಲ್ಲಗೆ ತಮ್ಮದನ್ನು ಹೇಳಿ, ಕೊನೆಗೆ ತೆಲುಗಿನಲ್ಲಿ “ಅಂತೇ” ಎಂದು ಮುಗಿಸುತ್ತಿದ್ದರು. ಅವರು “ಅಂತೇ” ಎಂದರೆ ಅಷ್ಟೇ, ಅದರ ಮೇಲೆ ಮಾತಿಲ್ಲ. ಶ್ಯಾಮಲಾ ಅದನ್ನೆಲ್ಲ ಕೇಳಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಮುದುಕರ ಮಾತು, ಯಾರಿಗೇನು ನಷ್ಟ ಎಂದುಕೊಳ್ಳುತ್ತಿದ್ದಳು.

ಮದುವೆಯಾದ ಮರುವರ್ಷ ನಂದಕುಮಾರನಿಗೆ ಫಿಟ್ಸ್ ಬಂತು. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತವನು ಕ್ಯಾನಿನ ಸಮೇತ ಕೆಳಗೆ ಬಿದ್ದು, ಚೆಲ್ಲಿದ ಹಾಲಿನಲ್ಲೇ ಕೈಕಾಲು ಸೆಟೆದು ಒದ್ದಾಡಿದ. ಯಾರೋ ಅವನ ಕೈಗೆ ಬೀಗದ ಕೈ ತುರುಕಿದರು. ಅದೇ ತಿಂಗಳಲ್ಲಿ ಮತ್ತೆರಡು ಸಲ ಬಂದ ಮೇಲೆ ಶ್ಯಾಮಲಾ ಅವನನ್ನು ಕೋಲಾರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ತಲೆಯ ಸ್ಕ್ಯಾನ್ ಆಯಿತು. ಅಲ್ಲಿನ ಡಾಕ್ಟರಮ್ಮ ಬೆಳಿಗ್ಗೆಗೊಂದು ಸಂಜೆಗೊಂದು ಮಾತ್ರೆ ಬರೆದುಕೊಟ್ಟು, ಒಂದೇ ಮಾತನ್ನು ಎರಡೆರಡು ಸಲ ಹೇಳಿದರು: “ಫಿಟ್ಸ್ ನಿಂತೋಯ್ತು ಅಂತ ನೀವೇ ನಿಲ್ಲಿಸ್ಬೇಡಿ. ನಿಂತಿರೋದೇ ಮಾತ್ರೆಯಿಂದ. ನಿಲ್ಲಿಸೋ ಕಾಲ ಬಂದಾಗ ನಾವೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀವಿ.”

ಮಾತ್ರೆ ಹಿಡಿಯಿತು. ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ನಂದಕುಮಾರ ಇನ್ನೆರಡು ಹಸು ಕಟ್ಟಿದ, ಒಂದು ತುಂಡು ಹೊಲಕ್ಕೆ ಟೊಮ್ಯಾಟೊ ಹಾಕಿದ. ಶ್ಯಾಮಲಾ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಊರ ಬಾಗಿಲಿಗೆ ಫ್ಯಾಕ್ಟರಿ ಬಸ್ಸು ಬರುವುದರೊಳಗೆ ಅಡುಗೆ ಮಾಡಿ, ಗಂಡನ ಅಂಗೈಗೆ ಮಾತ್ರೆ ಹಾಕಿ, ಅವನು ನೀರು ಕುಡಿಯುವುದನ್ನು ನೋಡಿಯೇ ಹೊರಡುತ್ತಿದ್ದಳು.

ಬಚ್ಚಪ್ಪನವರು ಅದನ್ನು ನೋಡಿ ನೋಡಿ ಒಂದು ದಿನ ಹೇಳಿದರು: “ನಂದಾ, ಫಿಟ್ಸ್ ಬಂದು ಎಷ್ಟು ದಿನ ಆಯ್ತೋ?”

“ಎರಡು ವರ್ಷದ ಮೇಲಾಯ್ತು ಚಿಕ್ಕಪ್ಪ.”

“ಮತ್ತೆ ಈ ಮಾತ್ರೆ ಯಾಕೋ? ಜ್ವರ ಬಿಟ್ಟ ಮೇಲೂ ಜ್ವರದ ಮಾತ್ರೆ ನುಂಗ್ತಾರೇನೋ? ಇವು ಮೆದುಳಿಗೆ ಉಷ್ಣ. ಮೊದಲು ಮರೆವು, ಆಮೇಲೆ ನರ ಸಡಿಲ, ಆಮೇಲೆ ಗಂಡಸುತನಾನೇ ಹೋಗುತ್ತೆ. ಮದುವೆಯಾಗಿ ಇಷ್ಟು ದಿನ ಆಯ್ತಲ್ಲ, ಮನೇಲಿ ಒಂದು ಕೂಸು ಇಲ್ಲ. ಯಾಕೆ ಅಂತ ಯೋಚನೆ ಮಾಡಿದ್ದೀಯಾ? ಅಂತೇ.”

ಶ್ಯಾಮಲಾ ಒಳಗಿನಿಂದಲೇ, “ಚಿಕ್ಕಮಾವ, ಡಾಕ್ಟ್ರು ನಿಲ್ಲಿಸ್ಬಾರ್ದು ಅಂದಿದ್ದಾರೆ,” ಎಂದಳು.

“ಅವರು ಹಂಗೇ ಅನ್ಬೇಕಲ್ಲಮ್ಮಾ,” ಎಂದು ಬಚ್ಚಪ್ಪನವರು ಪ್ರೀತಿಯಿಂದ ನಕ್ಕರು. “ರೋಗ ವಾಸಿ ಆದ್ರೆ ಆಸ್ಪತ್ರೆಗೆ ಹೋಗೋರು ಯಾರು?”

ಆಮೇಲೆ ನಡೆದದ್ದು ಅವಳಿಗೆ ತಿಳಿದದ್ದು ತಡವಾಗಿ. ನಂದಕುಮಾರ ಅವಳ ಎದುರಿಗೆ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕೊಟ್ಟಿಗೆಗೆ ಹೋಗಿ ಗೊಬ್ಬರದ ಮೇಲೆ ಉಗಿಯುತ್ತಿದ್ದ. ಹಾಗೆ ಎಷ್ಟು ದಿನ ಉಗಿದನೋ. ಒಂದು ಮಧ್ಯಾಹ್ನ ಮೇವು ಕತ್ತರಿಸುವ ಮಿಷನ್ನಿಗೆ ಜೋಳದ ಕಡ್ಡಿ ಕೊಡುತ್ತಿದ್ದಾಗ ಫಿಟ್ಸ್ ಬಂತು. ಎಡಗೈ ಕಡ್ಡಿಯ ಜೊತೆಗೇ ಒಳಗೆ ಹೋಯಿತು. ದೊಡ್ಡವೆಂಕಟಮ್ಮ ಓಡಿ ಬಂದು ಸ್ವಿಚ್ಚು ಆರಿಸುವ ಹೊತ್ತಿಗೆ ಮೂರು ಬೆರಳು ಇರಲಿಲ್ಲ.

ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಸೇರಿಸಿದವರು ಬಚ್ಚಪ್ಪನವರೇ. ರಕ್ತ ಬೇಕೆಂದಾಗ ಊರಿನಿಂದ ಹುಡುಗರನ್ನು ಕರೆಸಿದರು. ಶ್ಯಾಮಲಾ ಫ್ಯಾಕ್ಟರಿಯಿಂದ ಓಡಿ ಬಂದಾಗ ಅವರು ವಾರ್ಡಿನ ಬಾಗಿಲಲ್ಲಿ ರಕ್ತದ ಕಲೆಯ ಪಂಚೆಯಲ್ಲೇ ನಿಂತಿದ್ದರು. ಅವಳನ್ನು ನೋಡಿ ಅವರ ಕಣ್ಣು ತುಂಬಿ ಬಂತು. ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಅವರು ಮನೆಗೆ ಹೋಗಲಿಲ್ಲ. ನಂದಕುಮಾರನ ಮಂಚದ ಪಕ್ಕ ನೆಲದ ಮೇಲೆ ಟವೆಲ್ ಹಾಸಿಕೊಂಡು ಮಲಗಿದರು. ಹಾಗಾಗಿ ಅವರನ್ನು ಬಯ್ಯಲು ಅವಳಿಗೆ ಬಾಯಿಯೇ ಬರಲಿಲ್ಲ.

ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಅವಳ ಕಿವಿಗೂ ಬೀಳುತ್ತಿತ್ತು: “ಅಷ್ಟು ವರ್ಷ ತಿಂದ ಮಾತ್ರೆ ವಿಷ ಸುಮ್ನೆ ಹೋಗುತ್ತಾ? ಹೋಗೋವಾಗ ಒಂದು ಪೆಟ್ಟು ಕೊಟ್ಟೇ ಹೋಗೋದು. ಮೊದಲೇ ನಿಲ್ಲಿಸಿದ್ರೆ ಇಷ್ಟಾಗ್ತಿರ್ಲಿಲ್ಲ.”

ಬಂದವರು, “ಅದೂ ನಿಜಾನೇ,” ಎನ್ನುತ್ತಿದ್ದರು.

ಮನೆಗೆ ಬಂದ ಮೇಲೆ ಬಚ್ಚಪ್ಪನವರ ಔಷಧಿ ಶುರುವಾಯಿತು. ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಮೂಗಿಗೆ ಈರುಳ್ಳಿ ರಸದ ಹನಿ. ಬದನೆಕಾಯಿ, ಮೊಸರು ಮುಟ್ಟುವಂತಿಲ್ಲ. ರಸವನ್ನು ಅವರೇ ಹಿಂಡಿ, ಬಟ್ಟೆಯಲ್ಲಿ ಸೋಸಿ, ಚಳಿಯಿರಲಿ ಮಳೆಯಿರಲಿ ತಪ್ಪದೆ ತರುತ್ತಿದ್ದರು. ನಂದಕುಮಾರ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಸುಮ್ಮನೆ ಕೂರುತ್ತಿದ್ದ. ಆಸ್ಪತ್ರೆಯಿಂದ ತಂದ ಮಾತ್ರೆಯನ್ನು ಅವಳು ಮುಂದೆ ಹಿಡಿದರೆ ಮುಖ ತಿರುಗಿಸುತ್ತಿದ್ದ.

“ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಮಾತ್ರೆ ಬಿಟ್ಟಿದ್ದಕ್ಕೇ ಹಿಂಗಾಯ್ತು.”

“ನೀನು ಓದಿರೋದು ಪಿಯುಸಿ ಕಣೇ. ಚಿಕ್ಕಪ್ಪ ಪ್ರಪಂಚ ಸುತ್ತಿ ಬಂದೋರು. ನನ್ನನ್ನ ಸಾಕಿದೋರು ನನಗೆ ಕೆಟ್ಟದ್ದು ಹೇಳ್ತಾರಾ?”

ಕೆಟ್ಟದ್ದು ಬಯಸುವವರು ಅಂತೂ ಅವರಲ್ಲ. ಹತ್ತು ದಿನ ಕಳೆಯುವುದರೊಳಗೆ ನಂದಕುಮಾರ ಬಚ್ಚಲಿನಲ್ಲಿ ಮತ್ತೆ ಬಿದ್ದ. ಹಿಂದೆಯೇ ಇನ್ನೊಂದು ಬಂತು. ಅವನ ನಾಲಿಗೆಯಿಂದ ಹರಿದ ರಕ್ತವನ್ನು ಒರೆಸುತ್ತ ಶ್ಯಾಮಲಾ ಒಂದು ನಿರ್ಧಾರಕ್ಕೆ ಬಂದಳು.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮಾತ್ರೆಯನ್ನು ಲಟ್ಟಣಿಗೆಯಲ್ಲಿ ಅರೆದು ಪುಡಿ ಮಾಡಿ, ಗಂಡನ ಪಾಲಿನ ಹಿಟ್ಟಿನ ನಡುವೆ ಇಟ್ಟು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದಳು. ಬಸ್ಸಾರಿಗೆ ಖಾರ ಸ್ವಲ್ಪ ಮುಂದು ಮಾಡಿದಳು. ಮೊದಲ ದಿನ ಅವನು ತುತ್ತು ಮುರಿಯುವಾಗ ಅವಳು ಅತ್ತೆಗೆ ಸಾರು ಬಡಿಸುವ ನೆಪದಲ್ಲಿ ಅಲ್ಲೇ ನಿಂತಳು. ಅವನು ಏನೂ ತಿಳಿಯದೆ ನುಂಗಿದ. ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಮುಂಚೆ ಒಂದು ಮುದ್ದೆ, ಸಂಜೆ ಬಂದ ಮೇಲೆ ಒಂದು ಮುದ್ದೆ. ತಿಂಗಳಿಗೊಮ್ಮೆ ರಜೆ ಹಾಕಿ ಕೋಲಾರಕ್ಕೆ ಹೋಗಿ ಮಾತ್ರೆ ತರುತ್ತಿದ್ದಳು. ಯಾವಾಗಲೂ ಒಬ್ಬಳೇ ಬರುವುದೇಕೆಂದು ಡಾಕ್ಟರಮ್ಮ ಕೇಳಿದಾಗ ಅಳುತ್ತ ನಿಜ ಹೇಳಿದಳು. ಅವರು, “ಹೇಳದೆ ಕೊಡೋದು ಸರಿಯಲ್ಲಮ್ಮ. ಅವರಿಗೇ ತಿಳಿಸಿ ಒಪ್ಪಿಸ್ಬೇಕು. ಒಂದ್ಸಲ ಇಲ್ಲಿಗೆ ಕರ್ಕೊಂಡು ಬನ್ನಿ, ನಾನು ಮಾತಾಡ್ತೀನಿ,” ಎಂದರು. ಅವಳು ಹೂಂ ಎಂದು ಬಂದಳು. ಕರೆದರೆ ಅವನು ಬರುವವನಲ್ಲ.

ಫಿಟ್ಸ್ ನಿಂತಿತು.

ಇದಾದರೂ ನಡೆಯಿತಲ್ಲ ಎಂದು ಅವಳು ನಿಟ್ಟುಸಿರು ಬಿಡುವ ಮೊದಲೇ ಊರಿನಲ್ಲಿ ಸುದ್ದಿ ಹಬ್ಬಿತ್ತು: ಬಚ್ಚಪ್ಪನವರ ಈರುಳ್ಳಿ ರಸದಿಂದ ನಂದಕುಮಾರನ ಫಿಟ್ಸ್ ವಾಸಿಯಾಯಿತು. ಟೀ ಅಂಗಡಿಯ ಮುಂದೆ ಅವರು ನಂದಕುಮಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಕೈ ಒಂದು ಹೋಯ್ತು, ಅದು ಮಾತ್ರೆಯವರ ಪುಣ್ಯ. ತಲೆ ಉಳೀತು, ಅದು ನಮ್ಮ ಔಷಧಿ,” ಎನ್ನುತ್ತಿದ್ದರು. ದೇವರಾಯಸಮುದ್ರದಿಂದ ಯಾರೋ ಕೇಳಿಕೊಂಡು ಬಂದರು, ಶ್ರೀನಿವಾಸಪುರದ ಕಡೆಯಿಂದ ಮತ್ಯಾರೋ ಬಂದರು. ಬಚ್ಚಪ್ಪನವರು ಯಾರ ಬಳಿಯೂ ಒಂದು ಕಾಸು ಮುಟ್ಟಲಿಲ್ಲ. ಬಂದವರಿಗೆ ಕಾಫಿ ಕೊಟ್ಟು, “ಮೊದಲು ಮಾತ್ರೆ ಬಿಡಿ, ಆಮೇಲೆ ನನ್ನ ಹತ್ರ ಬನ್ನಿ,” ಎಂದು ಕಳಿಸುತ್ತಿದ್ದರು. ಶ್ಯಾಮಲಾ ದಿನಕ್ಕೆರಡು ಸಲ ತನ್ನ ಕೈಯಾರೆ ಮುದ್ದೆ ಕಟ್ಟುತ್ತಿದ್ದಳು. ಗಂಡ ಉಳಿಯುತ್ತಿದ್ದುದೂ ಅದರಿಂದಲೇ, ಬಚ್ಚಪ್ಪನವರ ಮಾತು ಬಲಿಯುತ್ತಿದ್ದುದೂ ಅದರಿಂದಲೇ. ಹೊರಗೆ ಹೇಳಿದರೆ ಗಂಡ ಅವಳ ಕೈಯೂಟ ಬಿಡುತ್ತಾನೆ. ಹೇಳದಿದ್ದರೆ ಹೊರಗಿನವರು ಮಾತ್ರೆ ಬಿಡುತ್ತಾರೆ. ಬಂದವರು ಅವಳಿಗೆ ಮುಖ ಪರಿಚಯವೂ ಇಲ್ಲದವರು. ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಆದರೆ ಗಂಗಾಲಕ್ಷ್ಮಿ ಅದೇ ಬೀದಿಯವಳು. ಅವಳ ಮಗಳು ಧನಶ್ರೀ ಎಂಟನೆಯ ಕ್ಲಾಸಿನ ಹುಡುಗಿ. ಶ್ಯಾಮಲಾ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತು ಸ್ಕೂಲಿನ ಕಥೆಗಳನ್ನೆಲ್ಲ ಒದರುತ್ತಿದ್ದಳು. ಆ ಹುಡುಗಿಗೂ ಫಿಟ್ಸ್ ಇತ್ತು, ಮಾತ್ರೆಯಲ್ಲಿ ಚೆನ್ನಾಗಿಯೇ ಇದ್ದಳು. ಸಂಕ್ರಾಂತಿಗೆ ಇನ್ನು ಸ್ವಲ್ಪ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಡೈರಿಯ ಹತ್ತಿರ ಗಂಗಾಲಕ್ಷ್ಮಿ ನಗುತ್ತ ಬಂದು ಹೇಳಿದಳು: “ಶ್ಯಾಮಲಾ, ನಾಳೆಯಿಂದ ನಮ್ಮ ಧನುಗೂ ಬಚ್ಚಪ್ಪಣ್ಣನ ಔಷಧಿ. ಹೆಣ್ಣು ಹುಡುಗಿ, ನಾಳೆ ಮದುವೆಗೆ ಮಾತ್ರೆ ಡಬ್ಬಿ ಜೊತೆ ಕಳಿಸೋಕಾಗುತ್ತಾ? ನಿನ್ನ ಯಜಮಾನ್ರನ್ನ ನೋಡಿ ಧೈರ್ಯ ಬಂತು ಕಣಮ್ಮ.”

ಶ್ಯಾಮಲಾ ಅವಳ ಕೈ ಹಿಡಿದು ಹುಣಸೆ ಮರದ ಹಿಂದಕ್ಕೆ ಎಳೆದುಕೊಂಡು ಹೋದಳು. “ಗಂಗಕ್ಕ, ಮಗಳ ಮೇಲೆ ಆಣೆ ಮಾಡಿ, ಯಾರಿಗೂ ಹೇಳಲ್ಲ ಅಂತ.”

“ಏನಮ್ಮಾ ಹಂಗಂದ್ರೆ? ಆಯ್ತು, ಆಣೆ.”

“ಅವರು ವಾಸಿಯಾಗಿರೋದು ಈರುಳ್ಳಿ ರಸದಿಂದ ಅಲ್ಲ. ಮಾತ್ರೆ ನಾನು ಕೊಡ್ತಿದ್ದೀನಿ. ಅರೆದು ಮುದ್ದೇಲಿ ಹಾಕ್ತೀನಿ. ಅವರಿಗೆ ಗೊತ್ತಿಲ್ಲ. ದಯವಿಟ್ಟು ಧನು ಮಾತ್ರೆ ನಿಲ್ಲಿಸ್ಬೇಡಿ ಅಕ್ಕ.”

ಗಂಗಾಲಕ್ಷ್ಮಿ ಅವಳ ಮುಖವನ್ನೇ ನೋಡಿದಳು. ಅವಳ ನಗು ಮೆಲ್ಲಗೆ ಹೋಯಿತು. ಕೈ ಬಿಡಿಸಿಕೊಂಡಳು.

ಗಂಗಾಲಕ್ಷ್ಮಿ ಕೆಟ್ಟವಳಲ್ಲ. ಮಗಳ ವಿಷಯ, ನಿಜ ಯಾವುದೆಂದು ಯಾರನ್ನಾದರೂ ಕೇಳಬೇಕಿತ್ತು. ಊರಿನಲ್ಲಿ ಏನೇ ಅನುಮಾನ ಬಂದರೂ ಎಲ್ಲರೂ ಕೇಳುತ್ತಿದ್ದುದು ಬಚ್ಚಪ್ಪನವರನ್ನೇ.

ಅಂದು ಸಂಜೆ ಶ್ಯಾಮಲಾ ಬಸ್ಸಿಳಿದು ಮನೆಗೆ ಬಂದಾಗ ಜಗಲಿಯ ಮೇಲೆ ಬಚ್ಚಪ್ಪನವರ ಸುತ್ತ ಜನರಿದ್ದರು. ನಂದಕುಮಾರ ಗೋಡೆಗೊರಗಿ ನಿಂತಿದ್ದ. ಲಟ್ಟಣಿಗೆ, ಅವಳು ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟಿದ್ದ ಮಾತ್ರೆಯ ಹಾಳೆಗಳು ಅಂಗಳದಲ್ಲಿ ಬಿದ್ದಿದ್ದವು.

“ನಿಜಾನೇನೇ?” ಎಂದು ಅವನು ಕೇಳಿದ. ದನಿ ಏರಿರಲಿಲ್ಲ. “ನನ್ನ ಊಟದಲ್ಲಿ ಹಾಕ್ತಿದ್ಯಾ?”

“ನಿಮ್ಮ ಪ್ರಾಣ ಉಳಿಸೋಕೆ ರೀ...”

“ಮದ್ದು ಹಾಕಿದ್ಲಲ್ಲೋ, ನನ್ನ ಮಗನಿಗೆ ಮದ್ದು ಹಾಕಿದ್ಲಲ್ಲೋ!” ಎಂದು ದೊಡ್ಡವೆಂಕಟಮ್ಮ ಎದೆ ಬಡಿದುಕೊಂಡಳು. ಹೆಂಡತಿ ಗಂಡನಿಗೆ ಊಟದಲ್ಲಿ ಮದ್ದು ಹಾಕಿ ವಶ ಮಾಡಿಕೊಳ್ಳುವ ಕಥೆಗಳನ್ನು ಕೇಳಿ ಬೆಳೆದವಳು ಅವಳು. ಅಂಗಳದಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಶ್ಯಾಮಲಾ ಎಂದೂ ಮಾತಾಡದಷ್ಟು ಮಾತಾಡಿದಳು. ಮಾತ್ರೆ ತಿಂದಾಗ ನಿಂತದ್ದು, ಉಗಿದಾಗ ಬಂದದ್ದು, ಮುದ್ದೆಯಲ್ಲಿ ಕೊಟ್ಟಾಗ ಮತ್ತೆ ನಿಂತದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. “ನೀವೇ ಲೆಕ್ಕ ಹಾಕಿ ಚಿಕ್ಕಮಾವ. ರಸ ಮಾತ್ರ ಇದ್ದಾಗ ಎರಡು ಸಲ ಬಿದ್ದಿಲ್ವಾ? ಮಾತ್ರೆ ಸೇರಿದ ಮೇಲಲ್ವಾ ನಿಂತಿದ್ದು? ನಿಮ್ಮ ಮಾತು ಕೇಳಿ ಇವರ ಬೆರಳು ಹೋಯ್ತು. ಇನ್ನೂ ಎಷ್ಟು ಜನಕ್ಕೆ ಹೇಳ್ತೀರಾ?”

ಈಗ ಹೊಳೆಯುತ್ತದೆ, ಇಷ್ಟು ಸೀದಾ ಇರುವುದು ಯಾರಿಗಾದರೂ ಹೊಳೆಯಲೇಬೇಕು ಎಂದು ಅವಳು ಬಚ್ಚಪ್ಪನವರ ಮುಖವನ್ನೇ ನೋಡುತ್ತ ನಿಂತಳು. ಅವರು ಎಂದಿನಂತೆ ತಲೆದೂಗಿ ಪೂರ್ತಿ ಕೇಳಿದರು. ಅವರ ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರ ಕಣ್ಣು ಬೆಳಗಿತು.

“ನೋಡಿದ್ರೇನ್ರಪ್ಪಾ,” ಎಂದು ಅವರು ಜನರ ಕಡೆ ತಿರುಗಿದರು. “ಒಳಗಡೆಯಿಂದ ದಿನಾ ಎರಡು ಹೊತ್ತು ವಿಷ ಹೋಗ್ತಿತ್ತು. ಅಷ್ಟಾದ್ರೂ ನನ್ನ ಔಷಧಿ ಅದನ್ನ ತಡೆದು ಇವನನ್ನ ನಿಲ್ಲಿಸ್ತು. ಇದರ ಶಕ್ತಿ ಇಷ್ಟಿದೆ ಅಂತ ನನಗೇ ತಿಳಿದಿರ್ಲಿಲ್ಲ. ಅಂತೇ.”

“ಹೌದಲ್ಲ!” ಎಂದ ಯಾರೋ ಒಬ್ಬ.

ಶ್ಯಾಮಲಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇದ್ದದ್ದನ್ನೆಲ್ಲ ಹೇಳಿಯಾಗಿತ್ತು.

ಮಾರನೆಯ ದಿನದಿಂದ ನಂದಕುಮಾರ ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡತೊಡಗಿದ. ಮಲಗಲು ಮಾತ್ರ ಮನೆಗೆ ಬರುತ್ತಿದ್ದ. ಅವಳು ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ, ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಕೋಲಾರಕ್ಕೆ ಒಂದೇ ಒಂದು ಸಲ ಬನ್ನಿ, ಡಾಕ್ಟರ ಬಾಯಿಂದಲೇ ಕೇಳಿ ಎಂದು ಅವಳು ಕಾಲು ಹಿಡಿದಳು. “ಇನ್ನೇನು ಹಾಕ್ಸೋಕೆ?” ಎಂದು ಅವನು ಕಾಲೆಳೆದುಕೊಂಡ. ತವರಿಗೆ ಫೋನ್ ಮಾಡಿದರೆ ಅಣ್ಣನೂ, “ನೀನು ಹೇಳದೆ ಕೊಟ್ಟಿದ್ದು ತಪ್ಪಲ್ವೇನಮ್ಮ,” ಎಂದ. ತಪ್ಪೇ ಎಂದು ಅವಳಿಗೂ ಅನ್ನಿಸುತ್ತಿತ್ತು. ಆದರೆ ಆ ತಪ್ಪಿನಲ್ಲಿ ಅವನು ನೆಟ್ಟಗೆ ಓಡಾಡಿಕೊಂಡಿದ್ದ.

ವಾರ ಕಳೆದ ಮೇಲೆ ಅವನಿಗೆ ಫಿಟ್ಸ್ ಬಂತು. ಆಮೇಲೆ ಆಗಾಗ ಬರತೊಡಗಿತು. ಹಣೆಯ ಮೇಲೆ ಒಂದು ಗಾಯ ಒಣಗುವ ಮೊದಲೇ ಇನ್ನೊಂದಾಗುತ್ತಿತ್ತು. ಹೆಂಡತಿ ಹಾಕಿದ ಮಾತ್ರೆಯ ವಿಷ ಇಳಿಯುತ್ತಿದೆ ಎಂದು ಬಚ್ಚಪ್ಪನವರು ಹೇಳಿದರು. ಹೊತ್ತಿಗೊಂದರಂತೆ ರಸದ ಹನಿ ಹೆಚ್ಚಿಸಿದರು. ಊರು ಶ್ಯಾಮಲಾಳ ಕಡೆ ನೋಡುವ ನೋಟ ಬದಲಾಯಿತು.

ಧನಶ್ರೀ ಬಸ್ ಸ್ಟ್ಯಾಂಡಿನಲ್ಲಿ ಈಗ ಅವಳ ಪಕ್ಕ ನಿಲ್ಲುತ್ತಿರಲಿಲ್ಲ, ಅಮ್ಮ ಬೇಡವೆಂದಿದ್ದಳು. ಒಂದು ದಿನ ಮಾತ್ರ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿರ ಬಂದಳು. ಅವಳ ಗದ್ದದ ಮೇಲೆ ಹೊಲಿಗೆ ಹಾಕಿದ್ದರು.

“ಏನಾಯ್ತೇ ಧನು?”

“ಸ್ಕೂಲಲ್ಲಿ ಬಿದ್ದೆ ಅಕ್ಕ. ಪ್ರೇಯರ್ ಹೊತ್ತಲ್ಲಿ. ಎಲ್ರೂ ನೋಡಿದ್ರು.” ಹುಡುಗಿ ತಲೆ ತಗ್ಗಿಸಿದಳು. “ನಿಮ್ಮತ್ರ ಮಾತ್ರೆ ಇದ್ಯಾ ಅಕ್ಕ? ಅಮ್ಮಂಗೆ ಹೇಳಲ್ಲ. ನಾನೇ ನುಂಗ್ತೀನಿ.”

ಗಂಡನ ಮಾತ್ರೆ ಈ ಹುಡುಗಿಗೆ ಎಷ್ಟಾಗುತ್ತದೋ, ಆಗುತ್ತದೋ ಇಲ್ಲವೋ, ಶ್ಯಾಮಲಾಳಿಗೆ ಗೊತ್ತಿರಲಿಲ್ಲ. “ಅದು ನಿಂಗೆ ಆಗಲ್ಲ ಕಣೇ. ನಿನ್ನ ಮಾತ್ರೆ ಬೇರೆ ಇರುತ್ತೆ. ನಿಮ್ಮ ಟೀಚರ್‌ಗೆ ಹೇಳು, ಅವರು ಅಮ್ಮನ ಹತ್ರ ಮಾತಾಡ್ಲಿ.”

“ಟೀಚರ್ ಮಾತಾಡಿದ್ರು. ಅಮ್ಮ ಅವರನ್ನ ಬಚ್ಚಪ್ಪ ತಾತನ ಹತ್ರ ಕರ್ಕೊಂಡು ಹೋದ್ಲು.”

“ಆಮೇಲೆ?”

“ಟೀಚರ್‌ಗೆ ಮೈಗ್ರೇನ್ ಅಂತೆ. ತಾತ ಅದಕ್ಕೂ ರಸ ಹೇಳಿದ್ರು.”

ಬಸ್ಸು ಬಂತು. ಹುಡುಗಿ ದೂರ ಸರಿದು ನಿಂತಳು.

ಆ ಭಾನುವಾರ ಬೆಳಿಗ್ಗೆ ಬಚ್ಚಪ್ಪನವರು ತಾವಾಗಿಯೇ ಶ್ಯಾಮಲಾಳನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಹೊಲದಿಂದ ಆಗತಾನೆ ಕಿತ್ತ ಅವರೆಕಾಯಿಯ ಚೀಲವಿತ್ತು. ಜಗಲಿಯ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು.

“ಶ್ಯಾಮಲಾ, ಅವತ್ತು ಅಷ್ಟು ಜನದ ಮುಂದೆ ನನ್ನನ್ನ ಅಂದುಬಿಟ್ಟೆ. ನಾನದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲಮ್ಮ. ಚಿಕ್ಕ ವಯಸ್ಸು, ತಿಳೀದೆ ಮಾಡ್ದೆ. ನಂದನಿಗೂ ಹೇಳ್ತಾ ಇದ್ದೀನಿ, ಅವಳ ಮೇಲೆ ಕೋಪ ಬಿಡೋ, ಪ್ರೀತಿಯಿಂದಾನೇ ಮಾಡಿದ್ದಾಳೆ ಅಂತ. ಬರ್ತಾನೆ, ಸ್ವಲ್ಪ ದಿನ ತಡಿ.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು. “ವಿಷಯ ಗೊತ್ತಿಲ್ದೆ ಇದ್ದಾಗ ಗೊತ್ತಿರೋರನ್ನ ಕೇಳ್ಬೇಕು ಕಣಮ್ಮ. ನಾನು ಇರೋದು ಯಾಕೆ ಹೇಳು?”

ಅವಳು ಅವರ ಮುಖ ನೋಡಿದಳು. ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದ ಅದೇ ಮುಖ. ಒಂದು ಸಲ ಚೀರಬೇಕೆನ್ನಿಸಿತು. ಚೀರಿದರೆ ತಲೆದೂಗಿ ಪೂರ್ತಿ ಕೇಳುತ್ತಾರೆ ಎಂಬುದು ನೆನಪಾಯಿತು.

“ಆಯ್ತು ಚಿಕ್ಕಮಾವ,” ಎಂದಳು.

ಅವರು ಅವಳ ತಲೆಯ ಮೇಲೆ ಕೈಯಿಟ್ಟು, ಸಮಾಧಾನದಿಂದ ಎದ್ದು ಹೋದರು. ಅವಳು ಚೀಲವನ್ನು ನೆಲಕ್ಕೆ ಸುರಿದು ಕಾಯಿ ಸುಲಿಯಲು ಕೂತಳು. ಎದುರಿಗಿದ್ದ ಚಿಕ್ಕಮಾವನ ಮನೆಯ ಜಗಲಿಯಲ್ಲಿ ಗಂಡ ತಲೆ ಹಿಂದಕ್ಕೆ ವಾಲಿಸಿಕೊಂಡು ಮೂಗಿಗೆ ಹನಿ ಹಾಕಿಸಿಕೊಳ್ಳುತ್ತಿದ್ದ. ಅವನ ಹಿಂದೆ ಧನಶ್ರೀ ತನ್ನ ಸರದಿಗೆ ಕಾಯುತ್ತ ನಿಂತಿದ್ದಳು.